ಎಲ್‌ಎನ್‌ಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್‌ಎನ್‌ಜಿ ವಿಷಯ ಎತ್ತಿದರೆ ಸಾಕು, ಲಾರಿ ಓಡಿಸುವವರಿಂದ ಹಿಡಿದು ಎಂಜಿನಿಯರಿಂಗ್ ಓದುವವರ ತನಕ ಹೆಚ್ಚುಕಮ್ಮಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಈ ಇಂಧನದ ಅನುಕೂಲ, ಖರ್ಚು, ಅಪಾಯ, ತಕರಾರು ಎಲ್ಲವೂ ಅದರ ತಂಪಿನಿಂದಲೇ ಹುಟ್ಟುತ್ತವೆ. ಅದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ಬೇಗ ಅರ್ಥವಾಗುತ್ತದೆ.

## ಮೊದಲ ಪರಿಚಯ

ಎಲ್‌ಎನ್‌ಜಿ ಅಂದ್ರೆ ಏನು? ಸರಳವಾಗಿ ಹೇಳಿ.

ನೆಲದಡಿಯಿಂದ ಬರುವ ನೈಸರ್ಗಿಕ ಅನಿಲವನ್ನು ತುಂಬಾ ತಣ್ಣಗೆ ಮಾಡಿ ದ್ರವ ಮಾಡಿದರೆ ಅದೇ ಎಲ್‌ಎನ್‌ಜಿ. ಅದರಲ್ಲಿ ಬಹುಪಾಲು ಮೀಥೇನ್. ಜೊತೆಗೆ ಸ್ವಲ್ಪ ಈಥೇನ್, ಪ್ರೊಪೇನ್, ಚೂರು ನೈಟ್ರೋಜನ್ ಇರುತ್ತವೆ. ಮೀಥೇನ್ ದ್ರವವಾಗುವುದು ಸುಮಾರು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಗ ಅದು ಹಿಡಿಯುವ ಜಾಗ ಸುಮಾರು 600 ಪಟ್ಟು ಕಡಿಮೆಯಾಗುತ್ತದೆ. ಪೈಪ್‌ಲೈನ್ ಹಾಕಲಾಗದ ಕಡೆಗೆ, ಸಮುದ್ರದಾಚೆಗೆ, ಗ್ಯಾಸನ್ನು ಒಯ್ಯಲು ದಾರಿಯಾದದ್ದೇ ಇದರಿಂದ.

ಎಲ್‌ಪಿಜಿ, ಸಿಎನ್‌ಜಿ, ಎಲ್‌ಎನ್‌ಜಿ ಎಲ್ಲಾ ಒಂದೇ ಅಲ್ವಾ?

ಅಲ್ಲ. ಎಲ್‌ಪಿಜಿ ವಸ್ತುವೇ ಬೇರೆ. ಅದು ಪ್ರೊಪೇನ್ ಮತ್ತು ಬ್ಯುಟೇನ್. ಸಾಧಾರಣ ಉಷ್ಣತೆಯಲ್ಲೇ ಸ್ವಲ್ಪ ಒತ್ತಡ ಕೊಟ್ಟರೆ ದ್ರವವಾಗಿಬಿಡುತ್ತದೆ. ಅದಕ್ಕೇ ಅಡುಗೆಮನೆಯ ಸಿಲಿಂಡರ್‌ನಲ್ಲಿ ಆರಾಮವಾಗಿ ಕೂರುತ್ತದೆ.

ಸಿಎನ್‌ಜಿ ಮತ್ತು ಎಲ್‌ಎನ್‌ಜಿ ಒಂದೇ ವಸ್ತು, ಇಡುವ ರೀತಿ ಬೇರೆ. ಸಿಎನ್‌ಜಿಯಲ್ಲಿ ಅದೇ ಮೀಥೇನನ್ನು ಅನಿಲವಾಗಿಯೇ 200ರಿಂದ 250 ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ದಪ್ಪ ಸಿಲಿಂಡರ್‌ಗೆ ತುರುಕುತ್ತಾರೆ. ಎಲ್‌ಎನ್‌ಜಿಯಲ್ಲಿ ಒತ್ತಡದ ಬದಲು ತಂಪನ್ನು ನಂಬುತ್ತಾರೆ. ಅಷ್ಟೇ ಜಾಗದಲ್ಲಿ ಸಿಎನ್‌ಜಿಗಿಂತ ಸುಮಾರು ಎರಡೂವರೆ ಪಟ್ಟು ಇಂಧನ ಹಿಡಿಯುತ್ತದೆ.

ಎಲ್‌ಪಿಜಿ ತರಹ ಒತ್ತಡ ಹಾಕಿದ್ರೆ ಇದೂ ದ್ರವ ಆಗಲ್ವಾ? ಇಷ್ಟೊಂದು ತಣ್ಣಗೆ ಯಾಕೆ ಮಾಡ್ಬೇಕು?

ಆಗಲ್ಲ. ಪ್ರತಿ ಅನಿಲಕ್ಕೂ ಒಂದು ಗಡಿ ಉಷ್ಣತೆ ಇದೆ. ಅದಕ್ಕಿಂತ ಬೆಚ್ಚಗಿದ್ದರೆ ಎಷ್ಟೇ ಒತ್ತಿದರೂ ಅದು ದ್ರವವಾಗುವುದಿಲ್ಲ, ಸುಮ್ನೆ ದಟ್ಟವಾಗುತ್ತಾ ಹೋಗುತ್ತದೆ. ಪ್ರೊಪೇನ್‌ಗೆ ಆ ಗಡಿ ಸುಮಾರು 97 ಡಿಗ್ರಿ. ಹಾಗಾಗಿ ಕೋಣೆಯ ಉಷ್ಣತೆಯಲ್ಲೇ ಮಣಿಯುತ್ತದೆ. ಮೀಥೇನ್‌ಗೆ ಅದು ಮೈನಸ್ 82.6 ಡಿಗ್ರಿ. ಅಂದರೆ ತಣ್ಣಗೆ ಮಾಡದೆ ಬೇರೆ ದಾರಿಯೇ ಇಲ್ಲ. ಮೈನಸ್ 162ರ ತನಕ ಇಳಿಸಿಬಿಟ್ಟರೆ ಒತ್ತಡವೇ ಬೇಡ. ಬರೀ ವಾತಾವರಣದ ಒತ್ತಡದಲ್ಲೇ ದೊಡ್ಡ ಟ್ಯಾಂಕ್‌ಗಳಲ್ಲಿ ಇಡಬಹುದು.

ನೋಡೋಕೆ ಹೇಗಿರುತ್ತೆ? ವಾಸನೆ ಬರುತ್ತಾ?

ನೀರಿನ ಹಾಗೆ ತಿಳಿ, ಆದರೆ ನೀರಿನ ಅರ್ಧದಷ್ಟೂ ತೂಕವಿಲ್ಲ. ಒಂದು ಲೀಟರ್ ಸುಮಾರು 450 ಗ್ರಾಂ ತೂಗುತ್ತದೆ. ವಾಸನೆ ಇಲ್ಲವೇ ಇಲ್ಲ. ಪೈಪ್‌ನಲ್ಲಿ ಬರುವ ಗ್ಯಾಸ್‌ಗೆ ಸೋರಿದರೆ ಗೊತ್ತಾಗಲಿ ಎಂದು ಬೇರೆಯಾಗಿ ವಾಸನೆ ಬೆರೆಸಿರುತ್ತಾರೆ. ಇಷ್ಟು ತಂಪಿನಲ್ಲಿ ಆ ವಾಸನೆಯ ವಸ್ತುವೇ ಹೆಪ್ಪುಗಟ್ಟುವುದರಿಂದ ಎಲ್‌ಎನ್‌ಜಿಗೆ ಅದನ್ನು ಬೆರೆಸಲಾಗುವುದಿಲ್ಲ. ಹಾಗಾಗಿ ಎಲ್‌ಎನ್‌ಜಿ ಇರುವ ಕಡೆ ಮೂಗನ್ನು ನಂಬುವ ಹಾಗಿಲ್ಲ. ಅನಿಲ ಪತ್ತೆ ಮಾಡುವ ಉಪಕರಣ ಇರಲೇಬೇಕು.

## ತಯಾರಿಕೆ

ಬಾವಿಯಿಂದ ಬಂದ ಗ್ಯಾಸನ್ನು ಹಾಗೇ ತಣ್ಣಗೆ ಮಾಡಿಬಿಟ್ರೆ ಆಗಲ್ವಾ?

ಪೈಪ್ ಕಟ್ಟಿಕೊಂಡು ಎಲ್ಲಾ ನಿಂತುಹೋಗುತ್ತದೆ. ಬಾವಿಯ ಅನಿಲದಲ್ಲಿ ನೀರಿನ ಆವಿ, ಇಂಗಾಲದ ಡೈ ಆಕ್ಸೈಡ್, ಕೆಲವು ಕಡೆ ಹೈಡ್ರೋಜನ್ ಸಲ್ಫೈಡ್, ಪಾದರಸ, ಭಾರದ ಹೈಡ್ರೋಕಾರ್ಬನ್‌ಗಳು ಇರುತ್ತವೆ. ಮೈನಸ್ 162ರ ದಾರಿಯಲ್ಲಿ ನೀರು ಮಂಜುಗಡ್ಡೆಯಾಗುತ್ತದೆ, ಇಂಗಾಲದ ಡೈ ಆಕ್ಸೈಡ್ ಒಣ ಮಂಜಾಗುತ್ತದೆ. ಹಾಗಾಗಿ ಮೊದಲು ಅಮೀನ್ ದ್ರಾವಣದಲ್ಲಿ ತೊಳೆದು ಇಂಗಾಲದ ಡೈ ಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಎಂಬ ಆಮ್ಲ ಅನಿಲಗಳನ್ನು ತೆಗೆಯುತ್ತಾರೆ. ಆಮೇಲೆ ಮಾಲಿಕ್ಯುಲರ್ ಸೀವ್ ಎಂಬ ಸಣ್ಣ ರಂಧ್ರಗಳ ಹರಳುಗಳ ಮೂಲಕ ಹಾಯಿಸಿ ತೇವ ಹೀರಿಸುತ್ತಾರೆ. ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷದಲ್ಲಿ 50 ಭಾಗಕ್ಕಿಂತ ಕಡಿಮೆ, ನೀರು 1 ಭಾಗಕ್ಕಿಂತ ಕಡಿಮೆ ಇರಬೇಕು ಎಂಬುದು ಸಾಮಾನ್ಯ ಗುರಿ.

ಪಾದರಸದ ಕಥೆಯೇ ಬೇರೆ. ಅದು ಹೆಪ್ಪುಗಟ್ಟುವುದಕ್ಕಿಂತ ದೊಡ್ಡ ಅಪಾಯ ಮಾಡುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ತಣ್ಣಗೆ ಮಾಡುವ ಮುಖ್ಯ ಉಪಕರಣದ ಒಳಗೆಲ್ಲಾ ಅಲ್ಯೂಮಿನಿಯಂ ನಳಿಗೆಗಳೇ. 1970ರ ದಶಕದ ಆರಂಭದಲ್ಲಿ ಅಲ್ಜೀರಿಯದ ಸ್ಕಿಕ್ಡಾ ಸ್ಥಾವರದಲ್ಲಿ ಇದೇ ಕಾರಣಕ್ಕೆ ನಳಿಗೆಗಳು ಹಾಳಾದವು. ಅಂದಿನಿಂದ ಪಾದರಸ ಹಿಡಿಯುವ ತೊಟ್ಟಿ ಸ್ಥಾವರಗಳ ಕಾಯಂ ಭಾಗವಾಗಿದೆ.

ಅಷ್ಟು ತಣ್ಣಗೆ ಮಾಡೋ ಯಂತ್ರ ಹೇಗಿರುತ್ತೆ? ದೊಡ್ಡ ಫ್ರಿಜ್ಜಾ?

ತತ್ವ ಫ್ರಿಜ್ಜಿನದೇ. ಒಂದು ಅನಿಲವನ್ನು ಒತ್ತಿ, ಅದರ ಬಿಸಿಯನ್ನು ಹೊರಗೆ ಬಿಟ್ಟು, ಆಮೇಲೆ ಹಿಗ್ಗಲು ಬಿಟ್ಟರೆ ತಂಪಾಗುತ್ತದೆ. ಆ ತಂಪು ಪಕ್ಕದ ನಳಿಗೆಯ ಗ್ಯಾಸ್‌ಗೆ ದಾಟುತ್ತದೆ. ಆದರೆ ಒಂದೇ ಜಿಗಿತದಲ್ಲಿ ಮೈನಸ್ 162 ತಲುಪಲಾಗುವುದಿಲ್ಲ, ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು. ಒಂದು ವಿಧಾನದಲ್ಲಿ ಮೊದಲು ಪ್ರೊಪೇನ್, ಆಮೇಲೆ ಎಥಿಲೀನ್, ಕೊನೆಗೆ ಮೀಥೇನ್ ಸರದಿಯಂತೆ ತಂಪು ಮಾಡುತ್ತವೆ. ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ವಿಧಾನದಲ್ಲಿ ಪ್ರೊಪೇನ್‌ನಿಂದ ಮೊದಲ ತಂಪು ಕೊಟ್ಟು, ಆಮೇಲೆ ಹಲವು ಅನಿಲಗಳ ಮಿಶ್ರಣದಿಂದ ಉಳಿದ ದಾರಿ ಇಳಿಸುತ್ತಾರೆ. ಮಿಶ್ರಣ ಯಾಕೆ? ಅದರ ಒಂದೊಂದು ಭಾಗ ಒಂದೊಂದು ಉಷ್ಣತೆಯಲ್ಲಿ ಕುದಿಯುತ್ತದೆ. ಹಾಗಾಗಿ ಗ್ಯಾಸ್ ತಣ್ಣಗಾಗುತ್ತಾ ಹೋದ ಹಾಗೆ ಮಿಶ್ರಣವೂ ಅದರ ಬೆನ್ನು ಬಿಡದೆ ಹೆಜ್ಜೆ ಹಾಕುತ್ತದೆ. ಶಕ್ತಿ ಪೋಲಾಗುವುದು ಕಡಿಮೆ.

ಇಂಥ ಒಂದು ಪೂರ್ತಿ ಸಾಲಿಗೆ ಈ ಕ್ಷೇತ್ರದವರು 'ಟ್ರೈನ್' ಅನ್ನುತ್ತಾರೆ. ರೈಲಿಗೂ ಅದಕ್ಕೂ ಸಂಬಂಧವಿಲ್ಲ. ಕತಾರ್‌ನ ರಾಸ್ ಲಫ್ಫಾನ್‌ನಲ್ಲಿ ವರ್ಷಕ್ಕೆ 78 ಲಕ್ಷ ಟನ್ ತಯಾರಿಸುವಷ್ಟು ದೊಡ್ಡ ಟ್ರೈನ್‌ಗಳಿವೆ.

ತಣ್ಣಗೆ ಮಾಡೋಕೇ ಎಷ್ಟು ಶಕ್ತಿ ಹೋಗುತ್ತೆ?

ಸ್ಥಾವರಕ್ಕೆ ಬಂದ ಗ್ಯಾಸ್‌ನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಅಲ್ಲೇ ಉರಿದುಹೋಗುತ್ತದೆ. ಹೊಸ, ದಕ್ಷ ಸ್ಥಾವರಗಳಲ್ಲಿ ಇನ್ನೂ ಸ್ವಲ್ಪ ಕಡಿಮೆ. ಹವೆಯೂ ಲೆಕ್ಕಕ್ಕೆ ಬರುತ್ತದೆ. ನಾರ್ವೆಯ ಹ್ಯಾಮರ್‌ಫೆಸ್ಟ್‌ನಂಥ ಉತ್ತರದ ತುದಿಯಲ್ಲಿ ಸಮುದ್ರದ ನೀರೇ ತಣ್ಣಗಿರುವುದರಿಂದ ಯಂತ್ರಗಳ ಕೆಲಸ ಹಗುರ. ಮರುಭೂಮಿಯ ದಡದಲ್ಲಿ ಅದೇ ಕೆಲಸಕ್ಕೆ ಜಾಸ್ತಿ ಶಕ್ತಿ ಬೇಕು. ಎಲ್‌ಎನ್‌ಜಿಯನ್ನು ಬೇರೆ ಇಂಧನದ ಜೊತೆ ಹೋಲಿಸುವಾಗ ಈ ಹತ್ತನೇ ಒಂದು ಪಾಲನ್ನು ಬಿಟ್ಟು ಲೆಕ್ಕ ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಇದು ಈಚೆಗೆ ಬಂದದ್ದಾ? ಮೊದಲು ಯಾರು ಸಾಗಿಸಿದ್ರು?

ತಂತ್ರ ಹಳೆಯದು. ಸಾಗಣೆಯ ಕಥೆ 1959ರಲ್ಲಿ ಶುರು. ಯುದ್ಧಕಾಲದ ಸರಕು ಹಡಗೊಂದನ್ನು ಮಾರ್ಪಡಿಸಿ 'ಮೀಥೇನ್ ಪಯೋನಿಯರ್' ಎಂದು ಹೆಸರಿಟ್ಟು, ಅಮೆರಿಕದ ಲೂಸಿಯಾನದಿಂದ ಇಂಗ್ಲೆಂಡಿನ ಕ್ಯಾನ್ವಿ ದ್ವೀಪಕ್ಕೆ ಎಲ್‌ಎನ್‌ಜಿ ಒಯ್ದರು. ವಾಣಿಜ್ಯ ವ್ಯಾಪಾರ 1964ರಲ್ಲಿ ಅಲ್ಜೀರಿಯದ ಅರ್ಜೂವಿನಿಂದ ಆರಂಭವಾಯಿತು. 1969ರಲ್ಲಿ ಅಲಾಸ್ಕಾದಿಂದ ಜಪಾನ್‌ಗೆ ಹೋಗಲು ಶುರುವಾದ ಮೇಲೆ ಏಷ್ಯಾ ದೊಡ್ಡ ಗಿರಾಕಿಯಾಯಿತು. ಈಗ ವರ್ಷಕ್ಕೆ 40 ಕೋಟಿ ಟನ್‌ಗೂ ಹೆಚ್ಚು ಎಲ್‌ಎನ್‌ಜಿ ದೇಶದಿಂದ ದೇಶಕ್ಕೆ ಹೋಗುತ್ತದೆ. ಕಳಿಸುವವರಲ್ಲಿ ಅಮೆರಿಕ, ಆಸ್ಟ್ರೇಲಿಯ, ಕತಾರ್ ಮುಂದಿವೆ.

ಸಮುದ್ರದ ಮಧ್ಯದಲ್ಲೇ ತಯಾರಿಸ್ತಾರಂತೆ, ಹೌದಾ?

ಹೌದು. ಆಸ್ಟ್ರೇಲಿಯದ ವಾಯವ್ಯ ಕರಾವಳಿಯಾಚೆ ಇರುವ 'ಪ್ರಿಲ್ಯೂಡ್' ಎಂಬ ತೇಲುವ ಸ್ಥಾವರದ ಉದ್ದ 488 ಮೀಟರ್. ಬಾವಿಯಿಂದ ಗ್ಯಾಸ್ ತೆಗೆದು, ತೊಳೆದು, ತಣಿಸಿ, ಅಲ್ಲಿಂದಲೇ ಹಡಗಿಗೆ ತುಂಬಿಸುತ್ತಾರೆ.

## ಇಡುವುದು, ಸಾಗಿಸುವುದು

ಟ್ಯಾಂಕ್‌ಗೆ ಸದಾ ಕರೆಂಟ್ ಕೊಟ್ಟು ತಣ್ಣಗೆ ಇಡ್ತಾರಾ?

ಇಲ್ಲ, ಅದು ತನ್ನನ್ನು ತಾನೇ ತಣ್ಣಗೆ ಇಟ್ಟುಕೊಳ್ಳುತ್ತದೆ. ಒಲೆಯ ಮೇಲೆ ಕುದಿಯುವ ನೀರನ್ನು ನೆನಪಿಸಿಕೊಳ್ಳಿ. ಉರಿ ಎಷ್ಟೇ ಇದ್ದರೂ ನೀರು 100 ಡಿಗ್ರಿ ದಾಟುವುದಿಲ್ಲ. ಬಂದ ಬಿಸಿಯನ್ನೆಲ್ಲ ಆವಿ ಹೊತ್ತುಕೊಂಡು ಹೋಗುತ್ತದೆ. ಎಲ್‌ಎನ್‌ಜಿಯೂ ಹಾಗೇ, ಯಾವಾಗಲೂ ಮೆಲ್ಲಗೆ ಕುದಿಯುತ್ತಿರುವ ದ್ರವ. ಹೊರಗಿನ ಬಿಸಿ ಗೋಡೆ ದಾಟಿ ಒಳಗೆ ಬಂದಷ್ಟೂ ಸ್ವಲ್ಪ ಆವಿಯಾಗುತ್ತದೆ, ಉಳಿದದ್ದು ಮೈನಸ್ 162ರಲ್ಲೇ ಉಳಿಯುತ್ತದೆ. ಈ ಆವಿಗೆ 'ಬಾಯ್ಲ್-ಆಫ್' ಎಂದು ಹೆಸರು. ಆದರೆ ಅದನ್ನು ಹೊರಗೆ ತೆಗೆಯುತ್ತಲೇ ಇರಬೇಕು. ತೆಗೆಯದಿದ್ದರೆ ಒತ್ತಡ ಏರುತ್ತದೆ.

ದಡದ ದೊಡ್ಡ ಟ್ಯಾಂಕ್‌ಗಳಲ್ಲಿ ಒಳಗಿನ ಪಾತ್ರೆ ಶೇ. 9 ನಿಕ್ಕಲ್ ಇರುವ ಉಕ್ಕಿನದು, ಹೊರಗೆ ಕಾಂಕ್ರೀಟ್ ಗೋಡೆ, ನಡುವೆ ಪರ್ಲೈಟ್ ಎಂಬ ಹಗುರ ಪುಡಿ. ಫ್ಲಾಸ್ಕ್ ಇದ್ದ ಹಾಗೆ.

ಹಡಗಿನಲ್ಲಿ ಅಷ್ಟು ದಿನ ಆವಿಯಾಗಿ ಖಾಲಿ ಆಗಲ್ವಾ?

ಈಗಿನ ಸಾಮಾನ್ಯ ಹಡಗು ಸುಮಾರು 1,74,000 ಘನ ಮೀಟರ್ ಹೊರುತ್ತದೆ. ದಿನಕ್ಕೆ ಶೇ. 0.1ರಷ್ಟು ಆವಿಯಾಯಿತು ಅಂದುಕೊಳ್ಳಿ. ಅದು 174 ಘನ ಮೀಟರ್, ಹತ್ತಿರ ಹತ್ತಿರ 78 ಟನ್. ಅದನ್ನು ಗಾಳಿಗೆ ಬಿಡುವುದಿಲ್ಲ, ಹಡಗಿನ ಎಂಜಿನ್‌ಗೇ ಇಂಧನವಾಗಿ ಕೊಡುತ್ತಾರೆ. ಸರಕೇ ಹಡಗನ್ನು ಓಡಿಸುತ್ತದೆ!

ಇಂಥ ಹಡಗುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ತೆಳ್ಳನೆಯ ಹಾಳೆ. ಒಂದು ಬಗೆಯ ಟ್ಯಾಂಕ್‌ನಲ್ಲಿ ದ್ರವಕ್ಕೆ ತಾಗುವ ಒಳಪದರ ಬರೀ 0.7 ಮಿಲಿಮೀಟರ್ ದಪ್ಪದ 'ಇನ್ವಾರ್' ಲೋಹ. ಕಬ್ಬಿಣಕ್ಕೆ ಶೇ. 36 ನಿಕ್ಕಲ್ ಸೇರಿಸಿ ಮಾಡಿದ ಇದು ತಂಪಿಗೆ ಕುಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ. ಸಾವಿರಾರು ಟನ್ ಸರಕಿನ ಭಾರವನ್ನು ಹಿಂದಿರುವ ನಿರೋಧಕ ಪೆಟ್ಟಿಗೆಗಳು ಮತ್ತು ಹಡಗಿನ ಮೈ ಹೊರುತ್ತವೆ. ಹಾಳೆಯ ಕೆಲಸ ಸೋರದಂತೆ ತಡೆಯುವುದು ಮಾತ್ರ.

ಮತ್ತೆ ಗ್ಯಾಸ್ ಮಾಡೋದು ಹೇಗೆ? ಆ ತಂಪೆಲ್ಲ ವೇಸ್ಟ್ ಆಗಲ್ವಾ?

ಮತ್ತೆ ಗ್ಯಾಸ್ ಮಾಡುವುದು ಸುಲಭ. ಎಲ್‌ಎನ್‌ಜಿ ಇರುವ ಫಲಕಗಳ ಮೇಲೆ ಸಮುದ್ರದ ನೀರು ಸುರಿಸಿದರೂ ಸಾಕು. ಎಲ್‌ಎನ್‌ಜಿಗೆ ಆ ನೀರೇ ಸುಡುಬಿಸಿ. ತಂಪು ಬಹಳ ಕಡೆ ನಿಜಕ್ಕೂ ವ್ಯರ್ಥವಾಗಿ ಸಮುದ್ರಕ್ಕೆ ಹೋಗುತ್ತದೆ. ಜಪಾನ್‌ನ ಕೆಲವು ಟರ್ಮಿನಲ್‌ಗಳು ಅದನ್ನು ಗಾಳಿಯಿಂದ ಆಮ್ಲಜನಕ, ನೈಟ್ರೋಜನ್ ಬೇರೆ ಮಾಡಲು ಬಳಸುತ್ತವೆ. ಅಷ್ಟು ಖರ್ಚು ಮಾಡಿ ಪಡೆದ ತಂಪು, ಬೇರೆ ಕಡೆಯೂ ಹೀಗೆ ಉಪಯೋಗಕ್ಕೆ ಬರಬೇಕು.

## ವಾಹನದಲ್ಲಿ, ಹಡಗಿನಲ್ಲಿ

ಡೀಸೆಲ್ ಬದಲು ಎಲ್‌ಎನ್‌ಜಿ ಹಾಕಿದ್ರೆ ಲಾರಿ ಎಷ್ಟು ದೂರ ಓಡುತ್ತೆ?

ಕಿಲೋ ಲೆಕ್ಕದಲ್ಲಿ ಎಲ್‌ಎನ್‌ಜಿಯೇ ಮುಂದು. ಒಂದು ಕಿಲೋದಲ್ಲಿ ಸುಮಾರು 50 ಮೆಗಾಜೂಲ್ (ಶಕ್ತಿ ಅಳೆಯುವ ಮಾನ), ಡೀಸೆಲ್‌ನಲ್ಲಿ ಸುಮಾರು 43. ಲೀಟರ್ ಲೆಕ್ಕಕ್ಕೆ ಬಂದರೆ ತಿರುವುಮುರುವು: ಎಲ್‌ಎನ್‌ಜಿ ಸುಮಾರು 22, ಡೀಸೆಲ್ ಸುಮಾರು 36. ಅಂದರೆ ಒಂದು ಲೀಟರ್ ಡೀಸೆಲ್‌ನ ಜಾಗಕ್ಕೆ ಒಂದೂವರೆ ಲೀಟರ್‌ಗಿಂತ ಹೆಚ್ಚು ಎಲ್‌ಎನ್‌ಜಿ ಬೇಕು. ಎರಡು ದೊಡ್ಡ ಟ್ಯಾಂಕ್ ಇರುವ ಲಾರಿಗಳು ಒಮ್ಮೆ ತುಂಬಿಸಿದರೆ ಸಾವಿರ ಕಿಲೋಮೀಟರ್ ದಾಟುತ್ತವೆ. ಇಂಥ ಲಾರಿಗಳು ಅತಿ ಹೆಚ್ಚು ಓಡುವುದು ಚೀನಾದಲ್ಲಿ.

ತುಂಬಿಸುವಾಗ ಹೇಗಿರುತ್ತೆ? ಭಯ ಆಗುತ್ತೆ.

ಭಯ ಬೇಡ, ಎಚ್ಚರ ಬೇಕು. ಮುಖಕ್ಕೆ ಪಾರದರ್ಶಕ ಕವಚ, ಕೈಗೆ ಸಡಿಲವಾದ ದಪ್ಪ ಗ್ಲೌಸ್, ಉದ್ದ ತೋಳಿನ ಬಟ್ಟೆ ಕಡ್ಡಾಯ. ಗ್ಲೌಸ್ ಸಡಿಲ ಇರುವುದು ಯಾಕೆ ಗೊತ್ತಾ? ದ್ರವ ಒಳಗೆ ಹೋದರೆ ಒಂದೇ ಕೊಡವಿಗೆ ಕಳಚಿ ಬೀಳಬೇಕು. ಮೊದಲು ಲಾರಿಗೆ ಅರ್ಥಿಂಗ್ ತಂತಿ ಸಿಕ್ಕಿಸುತ್ತಾರೆ. ನಾಜಲ್‌ನ ಬಾಯಿಯನ್ನು ಒಣ ಗಾಳಿಯಿಂದ ಊದುತ್ತಾರೆ. ಅಲ್ಲಿ ಒಂದು ಹನಿ ನೀರಿದ್ದರೂ ಮಂಜಾಗಿ ಕವಾಟ ಮುಚ್ಚದೆ ಸೋರುತ್ತದೆ. ತುಂಬತೊಡಗಿದ ಸ್ವಲ್ಪ ಹೊತ್ತಿಗೆ ನಾಜಲ್ ಮೇಲೆ ಬಿಳಿ ಹಿಮ ಬೆಳೆಯುತ್ತದೆ, ಹೋಸ್ ಬಿಗಿದು ಕಡ್ಡಿಯಂತಾಗುತ್ತದೆ. ಕಳಚುವಾಗ ಪುಸ್ ಎಂದು ಸಣ್ಣ ಬಿಳಿ ಮೋಡ. ಎರಡು ಹನಿ ನೆಲಕ್ಕೆ ಬಿದ್ದರೆ ಕಾದ ಹಂಚಿನ ಮೇಲಿನ ನೀರಿನಂತೆ ಗುಂಡಾಗಿ ಓಡಾಡಿ ಮಾಯವಾಗುತ್ತವೆ. ನೆಲದಲ್ಲಿ ಕಲೆಯೂ ಉಳಿಯುವುದಿಲ್ಲ.

ಲಾರಿ ಹದಿನೈದು ದಿನ ನಿಲ್ಲಿಸಿದ್ರೆ ಇಂಧನ ಹೋಗಿಬಿಡುತ್ತಾ?

ಸ್ವಲ್ಪ ಹೋಗಬಹುದು. ಲಾರಿಯ ಟ್ಯಾಂಕ್ ಎರಡು ಗೋಡೆಯದು, ನಡುವೆ ನಿರ್ವಾತ. ಕೆಲವು ದಿನ ಏನೂ ಆಗುವುದಿಲ್ಲ, ಒತ್ತಡ ಮಾತ್ರ ಏರುತ್ತಿರುತ್ತದೆ. ಮಿತಿ ಮುಟ್ಟಿದಾಗ ಸುರಕ್ಷತಾ ಕವಾಟ ತೆರೆದು ಆವಿ ಹೊರಬಿಡುತ್ತದೆ. ಆಗ ದುಡ್ಡೂ ಹೋಯಿತು, ಮೀಥೇನೂ ಗಾಳಿಗೆ ಸೇರಿತು. ಹಾಗಾಗಿ ಇದು ದಿನಾ ಓಡುವ ವಾಹನದ ಇಂಧನ. ವಾರಕ್ಕೆರಡು ದಿನ ಓಡಿಸುವವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಮುಚ್ಚಿದ ಗ್ಯಾರೇಜ್‌ನಲ್ಲಂತೂ ನಿಲ್ಲಿಸಲೇಬಾರದು. ಸಣ್ಣ ಕಾರಿಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಇದೇ.

ಸರಕು ಹಡಗುಗಳು ಯಾಕೆ ಎಲ್‌ಎನ್‌ಜಿ ಕಡೆ ತಿರುಗಿದವು?

ಮುಖ್ಯವಾಗಿ ಗಂಧಕದ ಕಾರಣಕ್ಕೆ. ಹಡಗುಗಳು ಉರಿಸುತ್ತಿದ್ದ ದಪ್ಪ ಎಣ್ಣೆಯಲ್ಲಿ ಗಂಧಕ ಶೇ. 3.5ರ ತನಕ ಇರಬಹುದಿತ್ತು. 2020ರಿಂದ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಆ ಮಿತಿಯನ್ನು ಶೇ. 0.5ಕ್ಕೆ ಇಳಿಸಿತು. ಎಲ್‌ಎನ್‌ಜಿಯಲ್ಲಿ ಗಂಧಕ ಇಲ್ಲವೆಂದೇ ಹೇಳಬಹುದು, ಮಸಿ ತೀರಾ ಕಡಿಮೆ. ಎಲ್‌ಎನ್‌ಜಿ ಸಾಗಿಸುವ ಹಡಗುಗಳನ್ನು ಬಿಟ್ಟರೆ ಅದನ್ನೇ ಇಂಧನ ಮಾಡಿಕೊಂಡ ಮೊದಲನೆಯದು ನಾರ್ವೆಯ 'ಗ್ಲುಟ್ರಾ' ದೋಣಿ, 2000ರಲ್ಲಿ. 2020ರಲ್ಲಿ ಇಪ್ಪತ್ತಮೂರು ಸಾವಿರ ಕಂಟೇನರ್ ಹೊರುವ 'ಜಾಕ್ ಸಾದೆ' ಹಡಗು ಎಲ್‌ಎನ್‌ಜಿಯಲ್ಲೇ ಓಡತೊಡಗಿತು.

## ಅಪಾಯ

ಸೋರಿದ್ರೆ ಬಾಂಬ್ ತರಹ ಸಿಡಿಯುತ್ತಾ?

ದ್ರವ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಅದೂ ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತಾಗ ಮಾತ್ರ. ಬಯಲಿನಲ್ಲಿ ಸೋರಿದರೆ ಮೊದಲು ಬಿಳಿ ಮಂಜು ಕಾಣುತ್ತದೆ. ಅದು ಗಾಳಿಯ ತೇವ ಹೆಪ್ಪುಗಟ್ಟಿದ್ದು. ಗ್ಯಾಸ್ ಕಣ್ಣಿಗೆ ಕಾಣದು, ಮಂಜಿನ ಅಂಚಿನಾಚೆಗೂ ಇರಬಹುದು. ಮೀಥೇನ್ ಗಾಳಿಗಿಂತ ಹಗುರ ಎಂದು ಓದಿರುತ್ತೇವೆ, ಅಲ್ವಾ? ಆದರೆ ಸುಮಾರು ಮೈನಸ್ 110 ಡಿಗ್ರಿಗಿಂತ ತಣ್ಣಗಿರುವಾಗ ಅದು ಗಾಳಿಗಿಂತ ಭಾರ. ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ. ಬೆಚ್ಚಗಾದ ಮೇಲೆ ಮೇಲಕ್ಕೇರಿ ಚದುರುತ್ತದೆ.

ಒತ್ತಡವಿಲ್ಲದ ದೊಡ್ಡ ಟ್ಯಾಂಕ್ ಸಿಡಿಯುವ ಸಂಭವ ಕಡಿಮೆ. ಆದರೆ 'ಎಲ್‌ಎನ್‌ಜಿ ಸಿಡಿಯುವುದೇ ಇಲ್ಲ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2002ರಲ್ಲಿ ಸ್ಪೇನ್‌ನ ತಿವಿಸ್ಸಾ ಬಳಿ ಮಗುಚಿದ ಟ್ಯಾಂಕರ್ ಲಾರಿ ಬೆಂಕಿಯಲ್ಲಿ ಬೆಂದು ಸಿಡಿಯಿತು, ಚಾಲಕ ತೀರಿಕೊಂಡರು. ಅದು ಒಂದೇ ಲೋಹದ ಗೋಡೆಯ ಟ್ಯಾಂಕ್, ಮೇಲೆ ಬರೀ ಫೋಮ್ ಹೊದಿಕೆ. ನಿರ್ವಾತವಿರುವ ಎರಡು ಗೋಡೆಯ ಟ್ಯಾಂಕ್ ಬೆಂಕಿಯನ್ನು ಎಷ್ಟೋ ಹೆಚ್ಚು ಹೊತ್ತು ತಡೆಯುತ್ತದೆ.

ದೊಡ್ಡ ದುರಂತ ಆಗಿದ್ದುಂಟಾ?

1944ರ ಅಕ್ಟೋಬರ್ 20, ಅಮೆರಿಕದ ಕ್ಲೀವ್‌ಲ್ಯಾಂಡ್. ಶೇ. 3.5 ನಿಕ್ಕಲ್ ಮಾತ್ರ ಇದ್ದ ಉಕ್ಕಿನ ಟ್ಯಾಂಕ್ ಸೀಳಿತು. ದ್ರವ ತಡೆಯುವ ಸರಿಯಾದ ಕಟ್ಟೆ ಸುತ್ತ ಇರಲಿಲ್ಲ. ಅದು ಬೀದಿಗೆ, ಚರಂಡಿಗೆ ಹರಿದು, ಆವಿಯಾಗಿ, ಬೆಂಕಿ ಹತ್ತಿತು. ಸುಮಾರು 130 ಜನ ಸತ್ತರು. ಈಗಿನ ಶೇ. 9 ನಿಕ್ಕಲ್ ಉಕ್ಕು, ಟ್ಯಾಂಕ್‌ನಷ್ಟೇ ಹಿಡಿಯುವ ಹೊರಗೋಡೆ, ಜನವಸತಿಯಿಂದ ದೂರ ಕಟ್ಟುವ ನಿಯಮಗಳ ಹಿಂದೆ ಆ ದಿನದ ನೋವಿದೆ.

ಮೈಮೇಲೆ ಬಿದ್ರೆ ಏನಾಗುತ್ತೆ?

ಸುಟ್ಟ ಹಾಗೇ ಗಾಯವಾಗುತ್ತದೆ. ತಣ್ಣನೆಯ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳಬಹುದು, ಎಳೆಯಬೇಡಿ. ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜಬೇಡಿ, ಕೂಡಲೇ ವೈದ್ಯರ ಬಳಿ ಹೋಗಿ. ಮುಚ್ಚಿದ ಜಾಗದಲ್ಲಿ ಸೋರಿದರೆ ಇನ್ನೊಂದು ಅಪಾಯ: ವಿಷವಲ್ಲದಿದ್ದರೂ ಆಮ್ಲಜನಕವನ್ನು ತಳ್ಳಿ ಉಸಿರು ಕಟ್ಟಿಸುತ್ತದೆ.

## ಆಳದ ಪ್ರಶ್ನೆಗಳು

ಎರಡು ಸರಕು ಬೆರೆಸಿದ್ರೆ ಟ್ಯಾಂಕ್ 'ಮಗುಚುತ್ತೆ' ಅಂತಾರಲ್ಲ, ಏನದು?

ಟ್ಯಾಂಕ್ ಅಲ್ಲ, ಒಳಗಿನ ದ್ರವ ಮಗುಚುವುದು. ಅದಕ್ಕೆ 'ರೋಲ್‌ಓವರ್' ಅನ್ನುತ್ತಾರೆ. ಎಲ್ಲಾ ಊರಿನ ಎಲ್‌ಎನ್‌ಜಿ ಒಂದೇ ತೂಕದ್ದಲ್ಲ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಪದರವಾಗಿ ನಿಂತರೆ ಕೆಳಗಿನದಕ್ಕೆ ಬಿಸಿ ಬರುತ್ತದೆ, ಆವಿ ಬಿಡಲು ದಾರಿ ಇಲ್ಲ. ಬೆಚ್ಚಗಾಗುತ್ತಾ ಹಗುರಾಗಿ, ಮೇಲಿನ ಪದರದ ತೂಕಕ್ಕೆ ಸಮವಾದ ಗಳಿಗೆಯಲ್ಲಿ ಎರಡೂ ಥಟ್ಟನೆ ಬೆರೆಯುತ್ತವೆ. ಕೂಡಿಟ್ಟ ಬಿಸಿಯೆಲ್ಲ ಒಮ್ಮೆಲೇ ಆವಿಯಾಗಿ ಹೊರಬರುತ್ತದೆ. 1971ರಲ್ಲಿ ಇಟಲಿಯ ಲಾ ಸ್ಪೆಜಿಯಾದಲ್ಲಿ ಹೀಗಾಗಿ ಗಂಟೆಗಟ್ಟಲೆ ಆವಿ ಹೊರಚಿಮ್ಮಿತು. ಅದೃಷ್ಟಕ್ಕೆ ಬೆಂಕಿ ಹತ್ತಲಿಲ್ಲ. ಈಗ ಭಾರದ ಸರಕನ್ನು ಮೇಲಿನಿಂದ, ಹಗುರದ್ದನ್ನು ಕೆಳಗಿನಿಂದ ತುಂಬುತ್ತಾರೆ. ತಾವಾಗೇ ಬೆರೆಯಲಿ ಎಂದು.

'ಸ್ವಚ್ಛ ಇಂಧನ' ಅಂತಾರೆ. ನಿಜ ಹೇಳಿ.

ಊರಿನ ಗಾಳಿಗೆ ಸ್ವಚ್ಛ, ಅದರಲ್ಲಿ ಅನುಮಾನವಿಲ್ಲ. ಹವಾಮಾನದ ಲೆಕ್ಕದಲ್ಲಿ ಉತ್ತರ ಸೋರಿಕೆಯ ಮೇಲೆ ನಿಂತಿದೆ. ಉರಿಸಿದಾಗ ಒಂದು ಮೆಗಾಜೂಲ್‌ಗೆ ಮೀಥೇನ್ ಸುಮಾರು 55 ಗ್ರಾಂ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ, ಹಡಗಿನ ಡೀಸೆಲ್ ಸುಮಾರು 75. ಕಾಲುಭಾಗ ಉಳಿತಾಯ. ಆದರೆ ಉರಿಯದೆ ಸೋರಿದ ಮೀಥೇನ್ 100 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 30 ಪಟ್ಟು, 20 ವರ್ಷದ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ.

ಎಂಜಿನ್‌ನೊಳಗೆ ಸ್ವಲ್ಪ ಗ್ಯಾಸ್ ಉರಿಯದೆ ಹೊಗೆಯ ಜೊತೆ ಹೋಗುತ್ತದೆ. ಇದನ್ನು 'ಮೀಥೇನ್ ಸ್ಲಿಪ್' ಅನ್ನುತ್ತಾರೆ. ಯುರೋಪಿನ ಹಡಗು ಇಂಧನ ನಿಯಮದಲ್ಲಿ ಕಡಿಮೆ ಒತ್ತಡದ, ಮಧ್ಯಮ ವೇಗದ ಎಂಜಿನ್‌ಗೆ ಇದನ್ನು ಶೇ. 3.1 ಎಂದು ಹಿಡಿದಿದ್ದಾರೆ. ಒಂದು ಕಿಲೋ ಇಂಧನಕ್ಕೆ ಲೆಕ್ಕ ಹಾಕಿ ನೋಡಿ. ಉರಿದ ಭಾಗದಿಂದ ಸುಮಾರು 2.66 ಕಿಲೋ ಇಂಗಾಲದ ಡೈ ಆಕ್ಸೈಡ್. ಉರಿಯದ 31 ಗ್ರಾಂ ಮೀಥೇನ್ 30 ಪಟ್ಟಿನಂತೆ 0.93 ಕಿಲೋಗೆ ಸಮ. ಒಟ್ಟು 3.59 ಕಿಲೋ. 50 ಮೆಗಾಜೂಲ್‌ಗೆ ಹಂಚಿದರೆ ತಲಾ 72 ಗ್ರಾಂ. ಡೀಸೆಲ್‌ನ 75ರ ಪಕ್ಕದಲ್ಲಿ ಉಳಿತಾಯ ಹೆಸರಿಗಷ್ಟೇ ಉಳಿಯಿತು. 20 ವರ್ಷದ ಲೆಕ್ಕ ಹಿಡಿದರೆ ನೂರು ಗ್ರಾಂ ದಾಟುತ್ತದೆ, ಡೀಸೆಲ್‌ಗಿಂತ ಕೆಟ್ಟದು. ಬಾವಿ, ಸ್ಥಾವರ, ಸಾಗಣೆಯ ಸೋರಿಕೆ ಇನ್ನೂ ಇದರಲ್ಲಿ ಸೇರಿಲ್ಲ.

ಹೆಚ್ಚಿನ ಒತ್ತಡದಲ್ಲಿ ಗ್ಯಾಸ್ ಚಿಮ್ಮಿಸುವ, ನಿಧಾನ ವೇಗದ ದೊಡ್ಡ ಎಂಜಿನ್‌ಗೆ ಅದೇ ನಿಯಮದಲ್ಲಿ ಸ್ಲಿಪ್ ಶೇ. 0.2 ಮಾತ್ರ. ಅಲ್ಲಿ ಕಾಲುಭಾಗದ ಉಳಿತಾಯ ಹೆಚ್ಚುಕಮ್ಮಿ ಪೂರ್ತಿ ಕೈಗೆ ಸಿಗುತ್ತದೆ. ಹಾಗಾಗಿ ಎಲ್‌ಎನ್‌ಜಿ ಹಡಗು ಒಳ್ಳೆಯದಾ ಎಂದು ಯಾರಾದರೂ ಕೇಳಿದರೆ, ಯಾವ ಎಂಜಿನ್ ಎಂದು ನಾನು ತಿರುಗಿ ಕೇಳುತ್ತೇನೆ.

ಬಯೋ-ಎಲ್‌ಎನ್‌ಜಿ ಬೇರೆನಾ? ಎಂಜಿನ್ ಬದಲಿಸ್ಬೇಕಾ?

ಎಂಜಿನ್, ಟ್ಯಾಂಕ್, ನಾಜಲ್ ಯಾವುದನ್ನೂ ಬದಲಿಸಬೇಕಿಲ್ಲ. ಕಸ, ಸಗಣಿ, ಕೊಳಚೆಯಿಂದ ಬರುವ ಅನಿಲವನ್ನು ಶುದ್ಧ ಮಾಡಿದರೆ ಸಿಗುವುದು ಅದೇ ಮೀಥೇನ್. ಹಾಗೇ ಬಿಟ್ಟಿದ್ದರೆ ಗಾಳಿಗೆ ಸೇರುತ್ತಿದ್ದ ಮೀಥೇನನ್ನು ಹಿಡಿದು ಉರಿಸುವುದರಿಂದ ಹವಾಮಾನಕ್ಕೆ ದೊಡ್ಡ ಲಾಭ. ಸಿಗುವ ಪ್ರಮಾಣ ಕಡಿಮೆ ಎಂಬುದೇ ಕೊರತೆ. ಸೋರಿದರೆ ಇದೂ ಅಷ್ಟೇ ಕೆಟ್ಟದು. ಕಸದಿಂದ ಬಂದ ಮೀಥೇನ್ ಎಂದು ವಾತಾವರಣ ರಿಯಾಯಿತಿ ಕೊಡುವುದಿಲ್ಲ.

ಒಬ್ಬರು ಟನ್ ಅಂತಾರೆ, ಇನ್ನೊಬ್ಬರು ಘನ ಮೀಟರ್, ಮತ್ತೊಬ್ಬರು ಬಿಟಿಯು. ಹೊಂದಿಸೋದು ಹೇಗೆ?

ಹಡಗಿನಲ್ಲಿ ಅಳೆಯುವುದು ದ್ರವದ ಘನ ಮೀಟರ್, ಸ್ಥಾವರದ ಸಾಮರ್ಥ್ಯ ಹೇಳುವುದು ಟನ್‌ನಲ್ಲಿ, ದುಡ್ಡು ಕೊಡುವುದು ಶಕ್ತಿಗೆ, ಅಂದರೆ ಹತ್ತು ಲಕ್ಷ ಬಿಟಿಯುಗೆ ಇಷ್ಟು ಎಂದು. ಬಿಟಿಯು ಎಂಬುದು ಶಾಖದ ಶಕ್ತಿ ಅಳೆಯುವ ಬ್ರಿಟಿಷ್ ಮಾನ. ಅಂದಾಜಿಗೆ ಇಷ್ಟು ಸಾಕು: ಒಂದು ಟನ್ ಎಲ್‌ಎನ್‌ಜಿ ಅಂದರೆ ಸುಮಾರು 2.2 ಘನ ಮೀಟರ್ ದ್ರವ, ಸುಮಾರು 1,380 ಘನ ಮೀಟರ್ ಗ್ಯಾಸ್, ಸುಮಾರು 52 ಬಾರಿ ಹತ್ತು ಲಕ್ಷ ಬಿಟಿಯು. ಈಥೇನ್, ಪ್ರೊಪೇನ್ ಜಾಸ್ತಿ ಇರುವ ಭಾರದ ಸರಕಿನ ಒಂದು ಘನ ಮೀಟರ್‌ನಲ್ಲಿ ಶಕ್ತಿ ಹೆಚ್ಚು. ಅದಕ್ಕೇ ಹಡಗು ಇಳಿಸುವ ಪ್ರತಿ ಸಲವೂ ಮಾದರಿ ತೆಗೆದು ಪರೀಕ್ಷಿಸಿ ಆಮೇಲೆ ಬಿಲ್ ಮಾಡುತ್ತಾರೆ.